‘ಬಟ್ ನಾಟ್’ ಕಲಿತ ಸಂಕ್ರಾಂತಿ

ಕಾಡುಗೋಡಿಗೆ ಮೆಟ್ರೋ ಬರುವುದಕ್ಕಿಂತ ಬಹಳ ಹಿಂದಿನ ಮಾತು. ಅದರಾಚೆಗಿನ ನಮ್ಮೂರಿಗೆ ಇನ್ನೂ ಯಾವ ಲೇಔಟಿನ ಹೆಸರೂ ಅಂಟಿಕೊಳ್ಳದ ದಿನಗಳವು. ಸಂಕ್ರಾಂತಿ ಹತ್ತಿರವಾದರೆ ಬೀದಿಗೆ ಬೀದಿಯೇ ಅವರೆಕಾಯಿಯ ಸೊಗಡು ಹೊದ್ದು ಮಲಗುತ್ತಿತ್ತು. ಜಗಲಿಯ ಮೇಲೆ ಕಾಳು ಹಿದುಕುತ್ತ ಕುಳಿತ ಅಜ್ಜಿಯ ಬೆರಳುಗಳ ವಾಸನೆಯನ್ನು ಮೂಸಿಯೇ ಹಬ್ಬಕ್ಕೆ ಎಷ್ಟು ದೂರವೆಂದು ನಾವು ಹೇಳಬಲ್ಲವರಾಗಿದ್ದೆವು. ಅಂಥ ಬೀದಿಗಳಲ್ಲಿ ಬೆಳೆದವರಿಗೆ ನಾನು ಹೇಳಹೊರಟಿರುವುದು ಹೊಸದೇನೂ ಅಲ್ಲ. ಆದರೂ ಹೇಳಬೇಕು, ಏಕೆಂದರೆ ಅದರಲ್ಲಿರುವ ಅನ್ಯಾಯ ಇನ್ನೂ ಮುಗಿದಿಲ್ಲ.

ಆ ವರ್ಷ ನಾನು ಐದನೆಯ ತರಗತಿ. ಊರಾಚೆಯ ಇಂಗ್ಲಿಷ್ ಶಾಲೆಯಲ್ಲಿ ಕನ್ನಡ ಮಾತಾಡಿದ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ತಾಯಿಯ ಮಾತಿಗಾಗಿ ಮಗುವನ್ನು ದಂಡಿಸುವುದು ತಪ್ಪೆಂದು ಯಾವ ಪೋಷಕರೂ ಹೇಳಲಿಲ್ಲ. ನಮ್ಮಪ್ಪನೂ ಹೇಳಲಿಲ್ಲ. ಆದರೆ ಅಲ್ಲಿನ ಸ್ಟೆಲ್ಲಾ ಮಿಸ್ ಕಲಿಸುತ್ತಿದ್ದ ಇಂಗ್ಲಿಷಿಗೆ ಹಾಡಿನ ಲಯವಿತ್ತು. ‘ಯು ಮೇ ಟಾಕ್, ಬಟ್ ನಾಟ್ ಲೌಡ್ಲಿ’ ಎಂದು ಅವರು ಮೇಜು ತಟ್ಟಿದರೆ ನಾವೂ ತಟ್ಟುತ್ತಿದ್ದೆವು. ‘ಯು ಮೇ ಪ್ಲೇ, ಬಟ್ ನಾಟ್ ಹಿಯರ್. ಯು ಮೇ ಗೋ, ಬಟ್ ನಾಟ್ ಅಲೋನ್.’ ಮೊದಲ ಅರ್ಧ ಕೊಡುತ್ತದೆ. ಬಳಿಕ ‘ಬಟ್’ ಎಂಬ ಕೊಂಡಿ, ಅದಕ್ಕೊಂದು ‘ನಾಟ್’, ಕೊನೆಗೆ ಎಲ್ಲಿ, ಯಾವಾಗ, ಹೇಗೆ ಎಂಬುದರ ಒಂದೇ ಒಂದು ಪದ. ಅಷ್ಟರಿಂದಲೇ ಕೊಟ್ಟದ್ದನ್ನೆಲ್ಲ ಹಿಂದಕ್ಕೆ ಪಡೆಯಬಹುದಿತ್ತು. ಇಷ್ಟು ಚಿಕ್ಕ ಮಾತಿಗೆ ಇಷ್ಟು ಬಲವಿರುವುದು ನಮಗೆ ಸೋಜಿಗವಾಗಿತ್ತು.

ಆಟಕ್ಕೂ ಅದೇ ಬಂತು. ಚಿಕ್ಕಪ್ಪನ ಮಗ ನಾಗ ನನ್ನ ಓರಗೆಯವನು. ಕುಂಟೆಬಿಲ್ಲೆ ಆಡುವಾಗ ಅವನು ಕೂಗುತ್ತಿದ್ದ:

“ಏಯ್ ಮಂಜಿ, ಗೆರೆ ತುಳ್ದೆ! ಔಟ್ ಕಣೇ!”

“ತುಳ್ದೆ, ಬಟ್ ನಾಟ್ ಫುಲ್ಲಿ!”

“ಓಹೋ, ಮಿಸ್ಸು ಬಂದ್ಬುಟ್ರು! ಆಟಕ್ಕೆ ಬಾರಮ್ಮ, ಬಟ್ ನಾಟ್ ಟುಡೇ!”

ಜಗಲಿಯಿಂದ ಅಜ್ಜಿ ಕೇಳುತ್ತಿದ್ದಳು: “ಅದೇನ್ರೋ ಅದು, ಬಟ್ಟು ನಾಟು, ಬಟ್ಟು ನಾಟು? ನಾಟಿ ಕೋಳಿ ಏನಾರ ಬಂದೈತಾ ಇಸ್ಕೂಲಿಗೆ?”

ನಮ್ಮೂರಿನ ಸಂಕ್ರಾಂತಿಯ ಜೀವ ಇದ್ದದ್ದು ಕಿಚ್ಚಿನಲ್ಲಿ. ಬೆಳಗ್ಗೆ ಕುಂಟೆಯ ನೀರಿನಲ್ಲಿ ದನಗಳ ಮೈ ತೊಳೆದು, ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ ಬಲೂನು ಕಟ್ಟುತ್ತಿದ್ದೆವು. ಹೊತ್ತು ಮುಳುಗುವಾಗ ಗುಂಡುತೋಪಿನ ಬಾಯಲ್ಲಿ ಹುಲ್ಲು ಹರಡಿ ಬೆಂಕಿ ಹಚ್ಚಿ, ಅದರ ಮೇಲೆ ದನಗಳನ್ನು ಓಡಿಸುತ್ತಿದ್ದರು. ಹೊಂಗೆ, ನೇರಳೆ, ಮಾವಿನ ಮರಗಳ ಆ ತೋಪು ಯಾರೊಬ್ಬರ ಸ್ವತ್ತೂ ಅಲ್ಲ, ಇಡೀ ಊರಿನದು. ಇಡೀ ಊರಿನದು ಎಂದು ಬರೆಯುವಾಗ ಇನ್ನೊಂದನ್ನೂ ಬರೆಯಬೇಕಾಗುತ್ತದೆ. ಊರ ಹೊರಗಿನ ದಲಿತ ಕಾಲೋನಿಯವರ ದನಗಳೂ ಕಿಚ್ಚು ಹಾಯಬಹುದಿತ್ತು, ಆದರೆ ನಮ್ಮವುಗಳಿಗಿಂತ ಮೊದಲಲ್ಲ. ಉರಿ ಇಳಿದು ಬೂದಿ ಮಾತ್ರ ಉಳಿದಾಗ ಅವರ ಸರದಿ. ‘ಬಟ್ ನಾಟ್’ ಎಂಬುದನ್ನು ನಮಗೆ ಇಂಗ್ಲಿಷಿನವರೇ ಬಂದು ಕಲಿಸಬೇಕಾಗಿರಲಿಲ್ಲ.

ಆ ವರ್ಷದ ಹೊತ್ತಿಗೆ ತೋಪಿನ ಸುತ್ತಲಿನ ಹೊಲಗಳು ಮಾರಾಟವಾಗಿ ಅಪಾರ್ಟ್‌ಮೆಂಟಿನ ಕೆಲಸ ಶುರುವಾಗಿತ್ತು. ತೋಪಿನ ದಾರಿಗೆ ಅಡ್ಡಲಾಗಿ ನೀಲಿ ತಗಡುಗಳನ್ನು ನಿಲ್ಲಿಸಿದ್ದರು. ಹಬ್ಬಕ್ಕೆ ಮುಂಚೆ ಅಪ್ಪ ಅಜ್ಜಿಗೆ ಹೇಳಿದ:

“ಅವ್ವಾ, ಸೈಟಿನ ಇಂಜಿನಿಯರನ್ನ ಒಂದ್ ಮಾತು ಕೇಳ್ಬುಡಾದು ವಾಸಿ.”

“ನಮ್ ತೋಪಿಗೆ ನಾವ್ಯಾಕ್ಲಾ ಕೇಳ್ಬೇಕು?” ಎಂದು ರೇಗಿದ ಅಜ್ಜಿಯೇ ಸ್ವಲ್ಪ ಹೊತ್ತಿನ ಮೇಲೆ ಎದ್ದಳು. “ಓಗ್ಲಿ, ನೆರೆವೊರೆಯೋರು. ಮರ್ವಾದೆಯಾಗಿ ಕೇಳಾನ. ಏ ಮಂಜಿ, ಬಾರೇ. ನಿನ್ ಬಟ್ಟು ನಾಟು ಇವತ್ತಾದ್ರೂ ಉಪ್ಯೋಗಕ್ಕೆ ಬರ್ಲಿ.”

ಹಿತ್ತಾಳೆಯ ತಟ್ಟೆಯಲ್ಲಿ ಎಲೆ, ಅಡಿಕೆ, ಎಳ್ಳು ಬೆಲ್ಲ ಇಟ್ಟುಕೊಂಡು ಅವಳು ಮುಂದೆ, ನಾನು ಹಿಂದೆ. ಎಲೆ ಅಡಿಕೆ ಕೊಡುವುದು ನಮ್ಮಲ್ಲಿ ಬರಿಯ ಉಪಚಾರವಾಗಿರಲಿಲ್ಲ. ಹೆಣ್ಣು ಒಪ್ಪಿದ್ದು, ಹೊಲ ಗುತ್ತಿಗೆಗೆ ಕೊಟ್ಟದ್ದು, ಜಗಳ ಬಗೆಹರಿದದ್ದು ಎಲ್ಲವೂ ವೀಳ್ಯದಿಂದಲೇ ಗಟ್ಟಿಯಾಗುತ್ತಿದ್ದವು. ಕೈಯೊಡ್ಡಿ ಎಲೆ ಹಿಡಿದವನು ಮಾತು ಕೊಟ್ಟಂತೆ. ಅದಕ್ಕೆ ಸಹಿ ಬೇಕಿರಲಿಲ್ಲ.

ಇಂಜಿನಿಯರ್ ಹಳದಿ ಟೋಪಿಯ ಯುವಕ, ಸೌಮ್ಯ ಮುಖ. ತೋಪಿನಲ್ಲಿ ಕಿಚ್ಚು ಹಾಯಿಸಬಹುದೇ ಎಂದು ಅಜ್ಜಿ ಕೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಅವರು ನಕ್ಕು ಹೇಳಿದರು: “ಆಫ್‌ಕೋರ್ಸ್ ಯು ಕ್ಯಾನ್. ಬಟ್ ನಾಟ್ ದಿಸ್ ಇಯರ್. ಆ್ಯಂಡ್ ನಾಟ್ ನಿಯರ್ ದ ಶೆಡ್.”

“ಏನಂತೆ?”

“ಮಾಡ್ಬೌದಂತೆ ಅಜ್ಜಿ. ಆದ್ರೆ ಈ ವರ್ಸ ಅಲ್ವಂತೆ. ಶೆಡ್ ಅತ್ರಾನೂ ಅಲ್ವಂತೆ.”

“ಮುಂದಿನ್ ವರ್ಸ ಆಗ್ತದಾ ಕೇಳು.”

ಕೇಳಿದೆ. ಅವರು ಭುಜ ಕುಣಿಸಿ “ವೈ ನಾಟ್?” ಎಂದರು.

“ಯಾಕಾಗ್ಬಾರ್ದು ಅಂತವ್ರೆ ಅಜ್ಜಿ.”

ಅಜ್ಜಿ ತಟ್ಟೆ ಚಾಚಿದಳು. ಅವರು ಒಂದು ಕ್ಷಣ ಆ ಎಲೆಗಳನ್ನೇ ನೋಡಿದರು. ಆಮೇಲೆ ಟೋಪಿ ತೆಗೆದು, ಎರಡೂ ಕೈ ಒಡ್ಡಿ ತೆಗೆದುಕೊಂಡರು. ದಾರಿಯುದ್ದಕ್ಕೂ ಅಜ್ಜಿಯ ನಡೆಯಲ್ಲಿ ಗೆಲುವಿತ್ತು. “ಒಳ್ಳೆ ಮಗ. ಎಂಗ್ ಎಲ್ಡೂ ಕೈಯಾಗೆ ಇಡ್ಕಂಡ ನೋಡ್ದಾ?”

ಊರಿನ ಕೆಲವರು ಗೊಣಗಿದರು. ತಗಡು ಕಿತ್ತೆಸೆದು ದನ ನುಗ್ಗಿಸೋಣ ಎಂದವರೂ ಇದ್ದರು. ಅಜ್ಜಿಯೇ ಅವರನ್ನು ತಡೆದಳು. “ಎಲೆ ತಕ್ಕಂಡವ್ರೆ. ಒಂದ್ ವರ್ಸ ತಾನೇ, ತಡ್ಕಳ್ರಪ್ಪ.” ಊರಿನಲ್ಲಿ ಅವಳ ಮಾತಿಗೆ ತೂಕವಿತ್ತು. ಎಲ್ಲರೂ ತಡೆದುಕೊಂಡರು.

ಆ ವರ್ಷದ ಹಬ್ಬದ ಸಂಜೆಯನ್ನು ನಾನು ಮರೆತಿಲ್ಲ. ಬಣ್ಣ ಹಚ್ಚಿಸಿಕೊಂಡ ದನಗಳು ಕೊಟ್ಟಿಗೆಯ ಮುಂದೆ ಸುಮ್ಮನೆ ನಿಂತಿದ್ದವು. ನಮ್ಮ ಹಸು ಗೌರಿ ಮಾತ್ರ ತೋಪಿನ ದಿಕ್ಕಿಗೆ ಹಗ್ಗ ಜಗ್ಗುತ್ತಿತ್ತು. ಮುಸ್ಸಂಜೆಯಾದರೆ ಬೆಂಕಿ, ಕೇಕೆ, ಓಟ ಎಂಬುದು ಅದಕ್ಕೂ ಗೊತ್ತಿತ್ತು. ಅಜ್ಜಿ ಅದರ ಕೊರಳ ಗಂಗೆದೊಗಲು ಸವರುತ್ತ, “ಬರಾ ವರ್ಸ ಕಣೇ, ಬರಾ ವರ್ಸ” ಎಂದು ಸಮಾಧಾನ ಮಾಡಿದಳು.

ಬರುವ ವರ್ಷ ಬಂತು. ತಗಡಿನ ಜಾಗದಲ್ಲಿ ಕಲ್ಲಿನ ಗೋಡೆ ಎದ್ದಿತ್ತು, ಗೋಡೆಗೊಂದು ಗೇಟು. ತೋಪಿನ ಮರಗಳಲ್ಲಿ ಅರ್ಧ ಉರುಳಿದ್ದವು. ಉಳಿದರ್ಧ ಗೋಡೆಯ ಒಳಗೆ ಅವರ ಉದ್ಯಾನವಾಗಿತ್ತು. ಊರೊಟ್ಟಿನ ನೆಲಕ್ಕೆ ಗೋಡೆ ಹಾಕಿದ್ದು ಒಂದು ತಪ್ಪು, ಅದನ್ನು ಕಂಡೂ ಕಾಣದಂತಿದ್ದ ಅಧಿಕಾರಿಗಳದು ಇನ್ನೊಂದು. ಹೊಲ ಮಾರಿದ ಖುಷಿಯಲ್ಲಿ ತೋಪಿನ ಬಗ್ಗೆ ಬಾಯಿ ಬಿಡದ ನಮ್ಮ ಹಿರಿಯರದು ಮೂರನೆಯದು.

ಹಬ್ಬದ ಸಂಜೆ ಅಜ್ಜಿ ಗೌರಿಯ ಹಗ್ಗ ಹಿಡಿದು ಗೇಟಿನ ಮುಂದೆ ನಿಂತಳು. ಹಿಂದೆ ಊರಿನ ದನಗಳೆಲ್ಲ ನಿಂತಿದ್ದವು. ಅವತ್ತು ಕಾಲೋನಿಯ ದನಗಳೂ ನಮ್ಮವುಗಳ ನಡುವೆಯೇ ಇದ್ದವು. ಕಾವಲುಗಾರ ಒಳಗೆ ಓಡಿದ. ಅದೇ ಇಂಜಿನಿಯರ್ ಬಂದರು. ನಾನು ಇಂಗ್ಲಿಷಿಗೆ ಸಿದ್ಧಳಾಗಿ ಅಜ್ಜಿಯ ಪಕ್ಕ ನಿಂತೆ. ಅವರು ನನ್ನ ಕಡೆ ನೋಡಲೇ ಇಲ್ಲ.

“ನಾ ಏನ್ ಮಾಡ್ಲಿ ಹೇಳ್ರಿ ಅಜ್ಜೀ? ಮ್ಯಾಲಿನವ್ರು ಒಲ್ಲೆ ಅಂತಾರ್ರೀ. ನನ್ ಕೈಯಾಗ ಏನೂ ಇಲ್ರಿ.”

ಅಚ್ಚ ಬಡಗಣ ಸೀಮೆಯ ಕನ್ನಡ. ನಾಗನ ಬಾಯಿ ತೆರೆದೇ ಉಳಿಯಿತು. ಅಜ್ಜಿ ಗೇಟಿಗೆ ಇನ್ನೊಂದು ಹೆಜ್ಜೆ ಹತ್ತಿರವಾದಳು.

“ಕನ್ನಡ ಬತ್ತದಾ ಮಗಾ ನಿಂಗೆ?”

ಅವರು ತಲೆ ತಗ್ಗಿಸಿದರು.

“ಅಂಗಾರೆ ಎಲೆ ಅಂದ್ರೆ ಏನೂಂತಾನೂ ಗೊತ್ತಿತ್ತು.”

“ಗೊತ್ತಿತ್ರಿ.”

“ಓದ್ ವರ್ಸಾನೇ ಇಲ್ಲ ಅನ್ಬಾರ್ದಿತ್ತಾ?”

“ನೀವು ತಟ್ಟಿ ಹಿಡ್ಕೊಂಡು ನಿಂತಿದ್ರಿ. ನಮ್ಮವ್ವನ್ನ ಕಂಡಂಗಾತ್ರಿ. ಕನ್ನಡದಾಗ ಇಲ್ಲ ಅನ್ನಾಕ ನಾಲಿಗಿ ಏಳ್ಲಿಲ್ಲ.”

ಅವರು ಕೆಟ್ಟವರಾಗಿರಲಿಲ್ಲ ಎಂಬುದು ಈಗ ಅರ್ಥವಾಗುತ್ತದೆ. ಅದರಿಂದ ನೋವೇನೂ ಕಡಿಮೆಯಾಗುವುದಿಲ್ಲ. ತಾಯಿಯ ಮುಂದೆ ಆಡಲಾಗದ ಮಾತನ್ನು ಪರಭಾಷೆಯ ಸಭ್ಯತೆಯ ಹಿಂದೆ ನಿಂತು ಆಡಿಬಿಡುವುದು ಕೂಡ ಒಂದು ಅನ್ಯಾಯವೇ.

ಅಜ್ಜಿ ಬೈಯಲಿಲ್ಲ. ಗೌರಿಯನ್ನು ತಿರುಗಿಸುತ್ತ ಅಪ್ಪನಿಗೆ ಹೇಳಿದಳು: “ಇಲ್ಲ ಅಂದಿದ್ರೆ ಓದ್ ವರ್ಸಾನೇ ನುಗ್ಗಿ ಕಿಚ್ಚು ಆಯಿಸ್ತಿದ್ವಲ್ಲಪ್ಪ. ಆವಾಗ ಬರೀ ತಗಡಿತ್ತು.”

ಆಮೇಲೆ ಆ ಹಿತ್ತಾಳೆ ತಟ್ಟೆ ಜಗಲಿಗೆ ಬರಲಿಲ್ಲ. ಮನೆಗೆ ಯಾರೇ ಬಂದು ಏನೇ ಕೇಳಲಿ, “ಆಗ್ತದಾ, ಇಲ್ವಾ? ಒಂದೇ ಮಾತು ಯೋಳು” ಎನ್ನುತ್ತಿದ್ದಳು. ಎಲ್ಲರಿಗೂ ಎಲೆ ಕೊಡುತ್ತಿದ್ದ ಕೈ ಮಡಿಲಲ್ಲೇ ಉಳಿಯಿತು. ಗೌರಿಯನ್ನು ಮಾರಿದೆವು. ಕೊಟ್ಟಿಗೆಯ ಜಾಗದಲ್ಲಿ ಈಗ ಬಾಡಿಗೆ ರೂಮುಗಳಿವೆ. ಸಂಕ್ರಾಂತಿಯ ಎಳ್ಳು ಬೆಲ್ಲ ಪ್ಯಾಕೆಟ್ಟಿನಲ್ಲಿ ಬರುತ್ತದೆ; ಅದರಲ್ಲಿ ಎಲ್ಲವೂ ಇದೆ, ಹುಲ್ಲಿನ ಹೊಗೆಯ ವಾಸನೆಯೊಂದಿಲ್ಲ.

ಕೆರೆ ತೋಪುಗಳ ಪರವಾಗಿ ನಾನೀಗ ಕಚೇರಿಯಿಂದ ಕಚೇರಿಗೆ ತಿರುಗುತ್ತೇನೆ. ತಂಪು ಕೋಣೆಗಳಲ್ಲಿ ನಗುಮುಖದವರು ನನಗೆ ಹೇಳುತ್ತಾರೆ: ‘ಖಂಡಿತಾ ಮೇಡಂ, ಬಟ್ ನಾಟ್ ಅಟ್ ದಿಸ್ ಸ್ಟೇಜ್.’ ನಾನು ಅಜ್ಜಿಯ ಮಾತನ್ನೇ ಅವರ ಮುಂದಿಡುತ್ತೇನೆ. ಇಲ್ಲವೆಂದರೆ ಇಲ್ಲ ಎಂದುಬಿಡಿ ಸಾರ್, ಈ ವರ್ಷವೇ ದನ ಹೊಡೆದುಕೊಂಡು ಬರುತ್ತೇವೆ.

ಅಷ್ಟು ಹೇಳಿ ಹೊರಬಂದು ಮೆಟ್ಟಿಲಿಳಿಯುವಾಗ ನೆನಪಾಗುತ್ತದೆ: ಹೊಡೆದುಕೊಂಡು ಬರಲು ನಮ್ಮೂರಿನಲ್ಲಿ ಈಗ ಒಂದು ದನವೂ ಇಲ್ಲ.