ಗಣಪತಿಯ ಮುಂದೆ ಸತ್ತ ಬೋರ್ಡು

ಇಪ್ಪತ್ತು ವರ್ಷದ ಹಿಂದೆ, ಆಫೀಸಿನಲ್ಲಿ ಗಣಪತಿ ಕೂರಿಸಿದ ಬೆಳಿಗ್ಗೆ, ಮಗರಪಟ್ಟಾ ಐಟಿ ಪಾರ್ಕಿನಲ್ಲಿ ನಮ್ಮ ಪರೀಕ್ಷಾ ಮೇಜಿನ ಎಡಬದಿಗೆ ನಾನು ನಿಂತಿದ್ದೆ. ಅಂದೇ ಗಿರಾಕಿಗೆ ಕಳಿಸಬೇಕಿದ್ದ ಎಲೆಕ್ಟ್ರಾನಿಕ್ ಬೋರ್ಡಿಗೆ ಹೊಸ ಪ್ರೋಗ್ರಾಂ ಇಳಿಯುತ್ತಿತ್ತು. ಆರತಿಗೆ ದೀಪದ ಸರ ಹಚ್ಚಲೆಂದು ವಿಜಾಪುರದ ನಮ್ಮ ಮ್ಯಾನೇಜರ್ ಬೋರ್ಡಿನ ಪ್ಲಗ್ಗನ್ನೇ ಕಿತ್ತರು. ಪ್ರೋಗ್ರಾಂ ಅರ್ಧಕ್ಕೇ ನಿಂತು ಬೋರ್ಡು ಸತ್ತಿತು.

“ನಿಮ್ಮ ಕೋಡೇ ಕೊಂದದ್ದು. ಬೂಟ್‌ಲೋಡರ್‌ನಾಗ ಸರ್ವರ್ ಬ್ಯಾಡ, ತಗೀರಿ ಅಂತ ಹೇಳಿದ್ದಿಲ್ಲೇನ್ರಿ?” ಎಂದರು.

“ತಗದಿಲ್ರಿ. ತಗಿಯೂದೂ ಇಲ್ಲ,” ಎಂದೆ. ಪ್ಲಗ್ಗನ್ನು ಮತ್ತೆ ಸಿಕ್ಕಿಸಿದೆ.

ಬೋರ್ಡಿಗೆ ಕರೆಂಟು ಬಂದೊಡನೆ ಎಲ್ಲಕ್ಕಿಂತ ಮೊದಲು ಏಳುವುದು ಬೂಟ್‌ಲೋಡರ್. ಅದರೊಳಗೆ ನಾನು ಬರೆದಿದ್ದ ಸರ್ವರ್, ನೆಟ್‌ವರ್ಕ್ ಕೇಬಲಿನಿಂದ ಪ್ರೋಗ್ರಾಮನ್ನು ಮತ್ತೆ ಬರಮಾಡಿಕೊಂಡಿತು. ಬೋರ್ಡು ಎದ್ದಿತು.

ಪ್ಲಗ್ಗು ಯಾರೂ ಕೀಳಲಿಲ್ಲವೆಂದು ಅವರು ಕೊನೆತನಕ ಹೇಳಿದರು. ಕಿತ್ತದ್ದನ್ನು ನಾನು ಕಂಡಿದ್ದೇನೆ. ಆರತಿ ತಟ್ಟೆ ಹಿಡಿದು ನಿಂತಿದ್ದ ಧಾರವಾಡದ ಸಹೋದ್ಯೋಗಿಯೂ ಕಂಡಿದ್ದಾಳೆ. ಆಕೆ ಈಗಲೂ ಶಿರೂರಿನಲ್ಲಿದ್ದಾಳೆ, ಬೇಕಾದರೆ ಹೋಗಿ ಕೇಳಿ.