ನೀರಿಗೊಂದು ಪಂಜರ

ಮಗಳು ಅಂಬೆಗಾಲಿಡಲು ಕಲಿತ ದಿನದಿಂದ ನನಗೆ ನಮ್ಮ ಮನೆಯ ನೀರನ್ನು ಕಂಡರೆ ಹೆದರಿಕೆ. ಹೊಳೆ, ಬಾವಿಯ ಮಾತಲ್ಲ. ಅಡುಗೆಯ ಕೋಣೆಯಲ್ಲಿ ನೆಲದ ಮೇಲೆ ಸಾಲಾಗಿ ತುಂಬಿಟ್ಟ ಬಕೆಟ್ಟು, ಟಬ್ಬು, ಹಂಡೆಗಳ ಮಾತು. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಮರಾಠಿ ನಾಡಿನ ಧನಕವಡಿಯಲ್ಲಿ ಎರಡನೆಯ ಮಹಡಿಯ ಎರಡು ಕೋಣೆಯ ಮನೆ ನಮ್ಮದು. ಬೆಳಿಗ್ಗೆ ಒಂದು ಹೊತ್ತು ಮಾತ್ರ ನೀರು, ಅದೂ ಮೇಲಕ್ಕೆ ಏರುತ್ತಿರಲಿಲ್ಲ. ಅಂಗಳದ ನಳದಿಂದ ಹೊತ್ತು ತರಬೇಕು. ಬಿಜಾಪುರದ ಕಡೆ ಹುಟ್ಟಿ ಬೆಳೆದ ನನಗೆ ಖಾಲಿ ಪಾತ್ರೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಹಾಲಿನ ಪಾತ್ರೆಗೂ ನೀರು ತುಂಬಿಟ್ಟಾಗಲೇ ಸಮಾಧಾನ.

ಗಂಡ ಬೆಳಗಿನ ಪಾಳಿಗೆಂದು ಕಾರ್ಖಾನೆಗೆ ಹೋಗಿರುತ್ತಿದ್ದರು. ನಾನು ಕೆಳಗೆ ಸಾಲಿನಲ್ಲಿ ನಿಂತಾಗ ಮನೆಯಲ್ಲಿ ಅತ್ತೆ ಮತ್ತು ಮಗಳು ಇಬ್ಬರೇ. ಅತ್ತೆಗೆ ಮೊಣಕಾಲು ನೋವು. ಮಂಚದಿಂದ ಏಳಬೇಕಾದರೆ ಗೋಡೆ ಹಿಡಿದು, ಎರಡು ಸಲ ದೇವರನ್ನು ಕರೆದು ಏಳಬೇಕು. ಮಗಳು ಅಷ್ಟರಲ್ಲಿ ಮನೆಯನ್ನೆಲ್ಲ ಒಂದು ಸುತ್ತು ಹಾಕಿ ಬರುವಂಥವಳು. ಬಕೆಟ್ಟಿನ ಮೇಲೆ ತಾಟು ಮುಚ್ಚಿದರೆ ಅದನ್ನೆಳೆದು ಬಾರಿಸುತ್ತ ಕೂಡುತ್ತಿದ್ದಳು.

ನಳದ ಹತ್ತಿರ ಒಬ್ಬಾಕೆ, ಯಾವುದೋ ಮನೆಯ ಕೂಸು ತಲೆಕೆಳಗಾಗಿ ಬಕೆಟ್ಟಿನಲ್ಲಿ ಬಿದ್ದು ಸತ್ತುಹೋದ ಸುದ್ದಿ ಹೇಳಿದ್ದಳು. "ಗೇಣುದ್ದ ನೀರಿದ್ರೂ ಸಾಕ್ರಿ. ಕೂಸಿಗೆ ತಲಿ ಮ್ಯಾಲೆತ್ತಾಕ ಬರಂಗಿಲ್ಲ," ಅಂದಳು. ಆಮೇಲೆ ನನಗೆ ಆ ಮೆಟ್ಟಿಲುಗಳೇ ಶಿಕ್ಷೆಯಾದವು. ಮಗಳು ಅಳುವುದು ಕೇಳಿದರೆ ಜೀವಕ್ಕೆ ಸಮಾಧಾನ. ಮೇಲೆ ಸದ್ದಿಲ್ಲದಿದ್ದರೆ ಎರಡೆರಡು ಮೆಟ್ಟಿಲು ದಾಟಿ ಏರುತ್ತಿದ್ದೆ. ಅತ್ತೆ ಮಾತ್ರ ಜಪಮಾಲೆ ಹಿಡಿದು ಆರಾಮಾಗಿ ಕೂತಿರುತ್ತಿದ್ದರು. ಆ ಆರಾಮ ಕಂಡು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವರಿಗೆ ಗೊತ್ತಿದ್ದ ಉಪಾಯ ಒಂದೇ. ಒಂದು ದಿನ ಮೇಲೆ ಬಂದು ನೋಡುತ್ತೇನೆ, ಹಳೆಯ ಧೋತರದ ಪಟ್ಟಿಯಿಂದ ಮಗಳ ಕಾಲನ್ನು ಮಂಚದ ಕಾಲಿಗೆ ಕಟ್ಟಿದ್ದಾರೆ. "ಅತ್ತಿ, ಕೂಸೇನು ಕರಾ ಏನ್ರಿ, ಗೂಟಕ್ಕ ಕಟ್ಟಾಕ?" ಎಂದೆ. ಅತ್ತೆ ಗಂಟು ಬಿಚ್ಚಿದರು. ಮತ್ತೆಂದೂ ಕಟ್ಟಿದ್ದನ್ನು ನಾನು ನೋಡಲಿಲ್ಲ.

ನನ್ನ ಗೋಳು ಕೇಳಿ ಮೂರನೆಯ ಮಹಡಿಯ ಬೆಂಗಳೂರಿನ ಹೆಂಗಸು ಒಂದು ಮಡಚುವ ಸಾಮಾನು ಹೊತ್ತು ತಂದರು. ಕಬ್ಬಿಣದ ಕೊಳವೆ, ನಾಲ್ಕೂ ಕಡೆ ಬಲೆ, ಕೆಳಗೆ ತೆಳ್ಳಗಿನ ಹಲಗೆ. "ಪ್ಲೇಪೆನ್ ಅಂತಾರೆ. ನನ್ನ ಮಗ ಈಗ ಇದರಲ್ಲಿ ನಿಲ್ಲೋದೇ ಇಲ್ಲ. ಎಂಟು ದಿನ ಇಟ್ಕೊಂಡು ನೋಡಿ. ಬೇಕು ಅನ್ನಿಸಿದ್ರೆ ನಿಮಗೇ ಇರಲಿ, ಇಲ್ಲಾಂದ್ರೆ ವಾಪಸ್ ಕೊಡಿ," ಎಂದರು.

ಬಿಚ್ಚಿ ನಿಲ್ಲಿಸಿದರೆ ಅಡುಗೆಯ ಕೋಣೆಯಲ್ಲಿ ಮನುಷ್ಯರು ಅಡ್ಡಡ್ಡ ನಡೆಯಬೇಕು. ಅತ್ತೆ ಅದನ್ನು ಮೇಲಿಂದ ಕೆಳಗೆ ನೋಡಿದರು. "ನಾ ಕಾಲಿಗಿ ಕಟ್ಟಿದ್ರ ಕರಾ ಆತು. ನೀ ಪಂಜರದಾಗ ಹಾಕಿದ್ರ ಗಿಳಿ ಆಗ್ತದೇನು?"

ಉತ್ತರ ಕೊಡುವ ಕೆಲಸವನ್ನು ಮಗಳೇ ಮಾಡಿದಳು. ಒಳಗೆ ಬಿಟ್ಟು ಕೆಳಗಿಳಿದರೆ ಸಾಕು, ಇಡೀ ಕಟ್ಟಡಕ್ಕೆ ಕೇಳುವಂತೆ ಅಳು. ಅತ್ತು ಅತ್ತು ಕಾರಿಕೊಂಡಳು. ಮರುದಿನವೂ ಅದೇ ಪಾಡು. ವಾಪಸು ಕೊಟ್ಟುಬಿಡೋಣವೆಂದರೆ ಹೆದರಿಕೆ, ಇಟ್ಟುಕೊಳ್ಳೋಣವೆಂದರೆ ಈ ಅಳು. ನಾನು ತಲೆ ಮೇಲೆ ಕೈಹೊತ್ತು ಕೂತಾಗ ಅತ್ತೆ ಅಂದರು, "ಕೂಸಿನ್ನ ಯಾಕ ಒಳಗ ಹಾಕ್ತಿ? ನೀರಿನ್ನ ಒಳಗ ಹಾಕು."

ನಗು ಬಂತು. ನಕ್ಕ ಮೇಲೆ, ಯಾಕಾಗಬಾರದು ಅನ್ನಿಸಿತು. ಬಕೆಟ್ಟು, ಟಬ್ಬು, ಹಂಡೆ ಎಲ್ಲ ಪಂಜರದೊಳಗೆ ಹೋದವು, ಮಗಳು ಹೊರಗುಳಿದಳು. ಬಲೆ ಹಿಡಿದು ನಿಂತು, ಒಳಗಿನ ನೀರಿನ ಜೊತೆ ತನ್ನ ಭಾಷೆಯಲ್ಲಿ ಏನೋ ಮಾತಾಡುತ್ತಿದ್ದಳು. ಎಷ್ಟೋ ದಿನಗಳ ಮೇಲೆ ನನಗೆ ಊಟ ರುಚಿಸಿತು. ಇದು ನಮ್ಮ ಮನೆಗೆ ಬೇಕೇ ಬೇಕು, ಇಟ್ಟುಕೊಳ್ಳುತ್ತೇವೆಂದು ಮೇಲಿನವರಿಗೆ ಹೇಳಿಬಿಡೋಣ ಎಂದು ಮನಸ್ಸು ಮಾಡಿದ್ದೆ.

ಅಂಥದೇ ಒಂದು ಬೆಳಿಗ್ಗೆ ಸಾಲು ಉದ್ದವಿತ್ತು. "ಲವಕರ ಭರಾ, ತಾಈ," ಬೇಗ ತುಂಬಿಸು ಎಂದು ಹಿಂದಿನವಳು ಮರಾಠಿಯಲ್ಲಿ ಅವಸರ ಮಾಡುತ್ತಿದ್ದಳು. ಸೊಂಟದಲ್ಲಿ ಕೊಡ, ಕೈಯಲ್ಲಿ ಬಕೆಟ್ಟು ಹಿಡಿದು ಮೊದಲ ಮಹಡಿಯ ತಿರುವಿಗೆ ಬಂದಾಗ ಕಾಲಡಿ ಒದ್ದೆಯಾಯಿತು. ನನ್ನ ಕೊಡವೇ ತುಳುಕುತ್ತಿದೆ ಎಂದುಕೊಂಡೆ. ಆದರೆ ನೀರು ಮೇಲಿನಿಂದ ಬರುತ್ತಿತ್ತು, ಒಂದೊಂದೇ ಮೆಟ್ಟಿಲು ಇಳಿಯುತ್ತ. ಮೇಲೆ ಅಳುವಿನ ಸದ್ದಿರಲಿಲ್ಲ.

ಕೊಡ, ಬಕೆಟ್ಟು ಎಲ್ಲಿ ಬಿಟ್ಟೆನೋ ನೆನಪಿಲ್ಲ. ಬಾಗಿಲಲ್ಲಿ ಪಾದ ತೋಯುವಷ್ಟು ನೀರು. ಭಾರ ತಾಳದೆ ಪಂಜರದ ಹಲಗೆ ಮುರಿದಿತ್ತು, ಕೊಳವೆ ಬಾಗಿತ್ತು, ಟಬ್ಬು ಮಗುಚಿತ್ತು, ಬಲೆ ಎಲ್ಲದರ ಮೇಲೆ ಮುದುಡಿ ಬಿದ್ದಿತ್ತು. ಬಲೆ ಎತ್ತಿದೆ. ಮಗಳಿಲ್ಲ. ಹಂಡೆ ಮಾತ್ರ ತುಂಬಿಕೊಂಡೇ ನಿಂತಿತ್ತು. ಅದರೊಳಗೆ ಮೊಣಕೈತನಕ ಕೈ ಹಾಕಿದೆ. ಆಮೇಲೆ ಪಕ್ಕದ ಬಕೆಟ್ಟಿಗೆ. ಆ ತಣ್ಣೀರಿನಲ್ಲಿ ಕೈಯಾಡಿಸುವಾಗ ಬೆರಳಿಗೆ ಏನಾದರೂ ತಗಲೀತು ಎಂದು ಆದ ಹೆದರಿಕೆಯನ್ನು ನಾನು ಇವತ್ತಿಗೂ ಗಂಡನಿಗೆ ಪೂರ್ತಿ ಹೇಳಿಲ್ಲ.

"ಅತ್ತಿ, ಕೂಸು ಎಲ್ಲಿ?"

ಅತ್ತೆ ಮಂಚದ ಮೇಲೆ ಮುದುಡಿ ಕೂತಿದ್ದರು. ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಆಗ ಅವರ ತೊಡೆಯ ಮೇಲೆ ಸೆರಗು ಮಿಸುಕಿತು. ಸರಿಸಿದೆ. ಮಗಳು ಬೆರಳು ಚೀಪುತ್ತ, ಕಣ್ಣು ಪಿಳಿಪಿಳಿ ಬಿಡುತ್ತ ಮಲಗಿದ್ದಳು. ಅದೇ ಸೆರಗಿನ ತುದಿ ಅವಳ ಸೊಂಟಕ್ಕೆ ಸುತ್ತಿ ಬಿಗಿದಿತ್ತು.

ನಾನು ಮಗಳನ್ನು ಅವಚಿಕೊಂಡು ಅಲ್ಲೇ ನೀರಿನಲ್ಲಿ ಕೂತು ಅತ್ತುಬಿಟ್ಟೆ. ಗಂಟಿನ್ನೂ ಬಿಚ್ಚಿರಲಿಲ್ಲವಾದ್ದರಿಂದ ಅತ್ತೆಯೂ ಮಂಚದಿಂದ ನನ್ನ ಕಡೆಗೆ ಬಾಗಿದ್ದರು. ಆಮೇಲೆ ಅವರಿಗೆ ದನಿ ಬಂತು.

"ನೀ ಕೆಳಗ ಹೋದ ಕೂಡ್ಲೆ ದಿನಾ ಕಟ್ಕೋತಿದ್ನೆವ್ವಾ. ನಿನ್ನ ಕಾಲ್ ಸಪ್ಪಳ ಕೇಳಿದ್ರ ಬಿಚ್ಚತಿದ್ದೆ, ಸಿಟ್ಟಾಗ್ತಿ ಅಂತ. ನಿನಗ ಪಂಜರದ ಮ್ಯಾಲ ನಂಬಿಗಿ ಇತ್ತು. ನನಗ ನನ್ನ ಮೊಣಕಾಲಿನ ಮ್ಯಾಲ ಇಲ್ಲ. ಇದು ನೀರಿಗಿ ಹೋದ್ರ, ನಾ ಏಳೂದ್ರಾಗ..."

ಇಷ್ಟು ದಿನ ನಾನು ಆರಾಮೆಂದುಕೊಂಡಿದ್ದು ಇದನ್ನು.

ಗಂಡ ಕೊಳವೆ ನೆಟ್ಟಗೆ ಮಾಡಿದರು, ಹೊಸ ಹಲಗೆ ಕೂಡಿಸಿದರು. ತಿರುಗಿ ಕೊಡಲು ಹೋದಾಗ ಮೇಲಿನವರು, "ಯೂಸ್ ಆಗ್ಲಿಲ್ವಾ?" ಎಂದು ಕೇಳಿದರು.

"ತಪ್ಪು ಅದರದಲ್ರಿ. ಕೂಸಿಗಂತ ಮಾಡಿದ್ದು, ನಾವು ನೀರ್ ತುಂಬಿದ್ವಿ," ಎಂದೆ. ಅವರು ನಕ್ಕರು. ಜಾಗವಿದ್ದ ಮನೆಗೆ, ಅಳದ ಕೂಸಿಗೆ ಅದು ಒಳ್ಳೆಯ ಸಾಮಾನೇ. ನಮ್ಮ ಮನೆಯಲ್ಲಿ ಇದ್ದಬದ್ದ ಜಾಗವನ್ನೆಲ್ಲ ನೀರೇ ಹಿಡಿದಿತ್ತು.

ಮರುದಿನ ಕೆಳಗೆ ನಳದ ಸದ್ದಾಯಿತು. ಎತ್ತಿದ ಕೊಡವನ್ನು ಕೆಳಗಿಟ್ಟೆ. ಮಗಳನ್ನು ಅತ್ತೆಯ ತೊಡೆಯ ಮೇಲೆ ಕೂಡಿಸಿ, ಅವರ ಸೆರಗಿನ ತುದಿಯನ್ನು ನಾನೇ ಅವಳ ಸೊಂಟಕ್ಕೆ ಸುತ್ತಿ ಕಟ್ಟಿದೆ. ಅತ್ತೆ ಗಂಟನ್ನು ಮುಟ್ಟಿ ನೋಡಿದರು.

"ಇನ್ನೊಂದು ಗಂಟು ಹಾಕವ್ವಾ," ಎಂದರು.

ಹಾಕಿದೆ. ಹೆದರಿಕೆಯೇನೂ ಹೋಗಲಿಲ್ಲ, ಮೆಟ್ಟಿಲು ಇಳಿಯುವಾಗ ಕಿವಿ ಮೇಲೆಯೇ ಇತ್ತು. ಅಲ್ಲಿ ಇನ್ನೊಬ್ಬರು ನನ್ನಷ್ಟೇ ಹೆದರಿಕೊಂಡು ಕೂತಿದ್ದಾರೆ ಎಂಬುದೊಂದೇ ನನಗಿದ್ದ ಧೈರ್ಯ.