ಒಂದೇ ಅಂಚಿಗೆ ಗೋಂದು

ಗಾರ್ಡ್ ಮಾವನ ಬಲಗೈ ಹೆಬ್ಬೆರಳಿಗೆ ಯಾವಾಗಲೂ ಒಣಗಿದ ಗೋಂದು ಅಂಟಿರುತ್ತಿತ್ತು. ಯೋಚನೆಗೆ ಬಿದ್ದರೆ ತೋರುಬೆರಳಿನ ಉಗುರಿನಿಂದ ಅದನ್ನು ಈರುಳ್ಳಿ ಸಿಪ್ಪೆಯ ಹಾಗೆ ಎಬ್ಬಿಸುತ್ತಾ ಕೂರುತ್ತಿದ್ದರು. ಅದು ಪೂರ್ತಿ ಎದ್ದು ಬರುವಷ್ಟರಲ್ಲಿ ತೀರ್ಮಾನವೂ ಬಂದಿರುತ್ತಿತ್ತು. ಆದ್ದರಿಂದ ನಾವು ಅವರ ಮುಖ ನೋಡದೆ ಹೆಬ್ಬೆರಳನ್ನೇ ನೋಡುತ್ತಿದ್ದೆವು.

ಆ ಗೋಂದು ರೈಲ್ವೆ ಕಾಲದ ಅಭ್ಯಾಸ. ಅವರು ಪೋತ್ತನೂರಿನಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ನಿಯಮದ ಪುಸ್ತಕದಲ್ಲಿ ಏನಾದರೂ ಬದಲಾದರೆ ಮೇಲಿನಿಂದ ತಿದ್ದುಪಡಿ ಚೀಟಿ ಬರುತ್ತಿತ್ತಂತೆ. ಅದನ್ನು ಹಳೆಯ ಸಾಲುಗಳ ಮೇಲೆ ಅಂಟಿಸಿಕೊಳ್ಳಬೇಕು. ಮಾವ ಮಾತ್ರ ಚೀಟಿಯ ಒಂದೇ ಅಂಚಿಗೆ ಗೋಂದು ಹಚ್ಚುವರು. ಯಾಕೆ ಮಾವ ಎಂದರೆ, "ಹಳೇದು ಏನಿತ್ತು ಅಂತ ಎತ್ತಿ ನೋಡ್ಬೇಕು ತಾನೆ ಕಣ್ಣು? ಪೂರಾ ಅಂಟ್ಸ್‌ಬುಟ್ರೆ ಮರೆತೋಗ್ತದೆ" ಎನ್ನುವರು. ನಮ್ಮನ್ನೆಲ್ಲ ತಮಿಳರ ಹಾಗೆ ಮುದ್ದಿನಿಂದ 'ಕಣ್ಣು' ಎಂದೇ ಕರೆಯುವರು.

ಅವರ ಮಗಳು ನನ್ನ ಕಾಲೇಜು ಗೆಳತಿ. ನಮ್ಮ ಮನೆಯಂತೆ ಅವರದೂ ಒಳಗೆ ಕನ್ನಡ, ಗೇಟು ದಾಟಿದರೆ ತಮಿಳು. ಮಾವನಿಗೆ ಕನ್ನಡ ಓದಲು ಬರೆಯಲು ಬಾರದು. ಕನ್ನಡ ಮಾತನ್ನು ತಮಿಳು ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು, ಅದೂ ಮುತ್ತು ಪೋಣಿಸಿದ ಹಾಗೆ.

ಗೆಳತಿಯ ಮನೆಯಲ್ಲಿ ಭಾನುವಾರ ನಾವು ನಾಲ್ಕು ಜನ ಒಂದು ಆಟ ಆಡುತ್ತಿದ್ದೆವು. ಮೇಜು, ಕಾಗದ, ಬಣ್ಣ ಬಣ್ಣದ ದಾಳಗಳು. ಒಬ್ಬರು ಕಥೆ ನಡೆಸುತ್ತಾರೆ: ಕಾಡು, ಕೋಟೆ, ಕಳ್ಳರು. ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಹೊಕ್ಕು ಏನು ಮಾಡುತ್ತೇವೆಂದು ಹೇಳಬೇಕು; ಆಯಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಇಷ್ಟಕ್ಕೂ ದಿಂಬಿನಷ್ಟು ದಪ್ಪದ, ಇಂಗ್ಲಿಷಿನ ನಿಯಮದ ಪುಸ್ತಕ. ಕಥೆ ನಡೆಸುತ್ತಿದ್ದವನಿಗೆ ಬೇರೆ ಊರಿಗೆ ವರ್ಗವಾದಾಗ ಆ ಪುಸ್ತಕ ಓದುವ ತಾಳ್ಮೆ ಇದ್ದವರು ಯಾರೂ ನಮ್ಮಲ್ಲಿರಲಿಲ್ಲ. ಅಷ್ಟು ದಿನ ಕಾಫಿ ತಂದುಕೊಟ್ಟು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಾವ, "ಇಲ್ಲಿ ಕೊಡಿ" ಎಂದು ಕೈ ಚಾಚಿದರು. ಹದಿನೈದು ದಿನದಲ್ಲಿ ಪುಸ್ತಕ ಅವರ ಬಾಯಲ್ಲಿತ್ತು, ಕಥೆ ನಡೆಸುವವರೂ ಅವರೇ ಆದರು.

ರಿಟೈರಾದರೂ ಗಾರ್ಡ್‌ಗಿರಿ ಬಿಟ್ಟಿರಲಿಲ್ಲ. ಗಾಡಿ ಎಷ್ಟು ಲೇಟ್, ಯಾಕೆ ಎಂದು ಆಗ ಬರೆದಿಡುತ್ತಿದ್ದ ಹಾಗೆಯೇ ಈಗ ಪುಸ್ತಕದ ಪುಟಗಳ ಬದಿಯಲ್ಲೇ ಪ್ರತಿ ಭಾನುವಾರದ ವರದಿ ಬರೆಯುವರು. "ಹತ್ತು ನಿಮಿಷ ಲೇಟ್. ಕಾರಣ: ವಡೆ." "ಇಪ್ಪತ್ತು ನಿಮಿಷ ಲೇಟ್. ಕಾರಣ: ಮಗಳ ಫೋನು." ತಡವಾದರೆ ಯಾರಿಂದ ಎಂದು ಬರೆಯದೆ ಅವರಿಗೆ ಊಟ ರುಚಿಸುತ್ತಿರಲಿಲ್ಲ.

ಆ ಆಟದಲ್ಲಿ ನಾನು ಮದ್ದು ಕೊಡುವ ಮುದುಕಿ. ಯಾರಿಗೆ ಗಾಯವಾದರೂ ನನ್ನ ಹತ್ತಿರ ಬರಬೇಕು, ಬೇರೆ ದಾರಿಯಿಲ್ಲ. ಇದು ನನಗೆ ಎಷ್ಟು ಮುಖ್ಯವಾಗಿತ್ತೆಂದು ಹೇಳಿದರೆ ನಗಬೇಡಿ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ನನ್ನದು ಚೆಕಿಂಗ್ ಕೆಲಸ. ಹೊಲಿದು ಬಂದದ್ದರಲ್ಲಿ ತಪ್ಪು ಹುಡುಕಿ ವಾಪಸ್ ಕಳಿಸುವವಳು. ವಾರದ ಆರು ದಿನ ನನ್ನನ್ನು ಕಂಡರೆ ಹೊಲಿಯುವವರೆಲ್ಲ ಮುಖ ತಿರುಗಿಸುತ್ತಿದ್ದರು. ಭಾನುವಾರ ಒಂದು ದಿನ, "ಮೊದ್ಲು ನನ್ನ ನೋಡು, ನನ್ನ ನೋಡು" ಎಂದು ಜನ ನನಗಾಗಿ ಜಗಳವಾಡುತ್ತಿದ್ದರು. ಅದಕ್ಕಾಗಿ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದೆ.

ಆಮೇಲೆ ಪುಸ್ತಕದ ಹೊಸ ಆವೃತ್ತಿ ಬಂತು. ನಮ್ಮಲ್ಲಿ ಮಿಲ್ಲಿನ ಎಲೆಕ್ಟ್ರಿಷಿಯನ್ ಒಬ್ಬನಿದ್ದ. ಹೊಸದೇ ಆಗಬೇಕು ಎಂದು ಅವನು, ಹಳೆಯದನ್ನು ಮುಟ್ಟಬೇಡಿ ಎಂದು ಗೆಳತಿ. ಮಾವ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದು ತಿಂಗಳು ಕೂತರು. ಬದಲಾದ ಪ್ರತಿ ನಿಯಮವನ್ನೂ ಎರಡು ಭಾನುವಾರ ಆಡಿ ನೋಡುವುದು, ಸರಿಹೋದರೆ ಚೀಟಿಯಲ್ಲಿ ಬರೆದು ಹಳೆಯ ಪುಸ್ತಕಕ್ಕೆ ಅಂಟಿಸುವುದು. ಇದು ಅವರ ಪದ್ಧತಿ. ಶತ್ರುವನ್ನು ಹಿಡಿಯಲು ಮೊದಲು ಮೂರು ಸಲ ದಾಳ ಹಾಕಬೇಕಿತ್ತು, ಈಗ ಒಂದೇ ಸಲ. "ಇದು ಬೇಕೇ ಬೇಕು. ಮೂರು ಸಲ ದಾಳ ಹಾಕೋ ಅಷ್ಟೊತ್ತಿಗೆ ಕಳ್ಳ ವಾಲ್ಪಾರೈ ಬೆಟ್ಟ ಸೇರಿರ್ತಾನೆ" ಎಂದರು. ಬಾಣಗಳನ್ನು ಎಣಿಸಬೇಕಾಗಿಲ್ಲ ಎಂಬ ಹೊಸ ನಿಯಮ ಎರಡನೆಯ ಭಾನುವಾರ ಬಿದ್ದುಹೋಯಿತು. ಬಾಣ ಮುಗಿಯದಿದ್ದರೆ ಬಿಲ್ಲುಗಾರನಿಗೆ ಬುದ್ಧಿ ಓಡಿಸುವ ಕೆಲಸವೇ ಇಲ್ಲ ಎನ್ನುವುದು ಅವರ ತೀರ್ಪು.

ಒಂದನ್ನು ಮಾತ್ರ ಆಡಿ ನೋಡದೆ ಅಂಟಿಸಿಬಿಟ್ಟರು. ಹೊಸ ಆವೃತ್ತಿಯಲ್ಲಿ, ಗಾಯ ಎಂಥದ್ದೇ ಇರಲಿ, ಒಂದು ರಾತ್ರಿ ನಿದ್ದೆ ಮಾಡಿದರೆ ಪೂರ್ತಿ ವಾಸಿ. ಹಳೆಯದರಲ್ಲಿ ಪ್ರತಿ ಕಾಳಗದ ನಂತರ ನನ್ನ ಮದ್ದಿನ ಲೆಕ್ಕಕ್ಕೇ ಅರ್ಧ ಗಂಟೆ ಹೋಗುತ್ತಿತ್ತು; ಲೇಟನ್ನು ಕಂಡರೆ ಆಗದ ಮಾವ ಖುಷಿಯಿಂದ ಗೋಂದು ಹಚ್ಚಿದರು.

ಮೊದಲ ಭಾನುವಾರ ನನ್ನನ್ನು ಯಾರೂ ಕರೆಯಲಿಲ್ಲ. ಎರಡನೆಯದೂ ಹಾಗೆಯೇ. ಮೂರನೆಯ ವಾರ ಎಲೆಕ್ಟ್ರಿಷಿಯನ್‌ನ ಯೋಧನಿಗೆ ಹೊಟ್ಟೆಗೆ ಈಟಿ ಬಿತ್ತು. ನಾನು ಮದ್ದಿನ ಹಾಳೆ ತೆಗೆದು ಮುಂದೆ ಬಾಗಿದೆ. ಅವನು ವಡೆ ತಿನ್ನುತ್ತಾ, "ಪರವಾಯಿಲ್ಲ ಬುಡಕ್ಕಾ, ಮಲ್ಗಿದ್ರೆ ಸರಿಹೋಗ್ತದೆ" ಎಂದ. ನನಗೆ ಮೂಗಿನ ತುದಿಯಲ್ಲೇ ಕೋಪ. "ನನಗೆ ಬಸ್ಸಿಗೆ ಟೈಮಾಯ್ತು" ಎಂದು ಎದ್ದು ಬಂದೆ. ಮತ್ತೆ ನಾಲ್ಕು ಭಾನುವಾರ ಆ ಕಡೆ ತಲೆ ಹಾಕಲಿಲ್ಲ. ಗೆಳತಿ ಫೋನು ಮಾಡಿದರೆ ತಲೆನೋವು ಎಂದೆ.

ಐದನೆಯ ವಾರ, ಊಟದ ಹೊತ್ತಿಗೆ, ಕಂಪನಿಯ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಮಾವ ಕೂತಿದ್ದರು. ಕೈಯಲ್ಲಿ ಹಳದಿ ಬಟ್ಟೆಯ ಚೀಲ, ಅದರೊಳಗೆ ಪುಸ್ತಕ.

"ಏನ್ ಮಾವ, ಇಷ್ಟು ದೂರ?"

"ತಪ್ಪು ನಂದು ಕಣ್ಣು. ಅದನ್ನ ಹೇಳೋಣ ಅಂತ ಬಂದೆ."

"ಅಯ್ಯೋ, ಆಟ ತಾನೆ ಮಾವ!"

"ಆಟ ಆದ್ರೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಬಸ್ಸಿಗೆ ಟೈಮಾಯ್ತು ಅಂತ ಎದ್ದು ಹೋಗ್ತೀಯಾ?"

ನನಗೆ ನಗು ಬಂತು, ಅದರ ಹಿಂದೆಯೇ ಅಳು. ಮಾವ ಹೆಬ್ಬೆರಳು ಕೆರೆಯುತ್ತಾ ಹೇಳಿದರು: "ಗೂಡ್ಸ್ ಗಾಡಿಗೆ ಇನ್ಮೇಲೆ ಗಾರ್ಡ್ ಬೇಡ, ಹಿಂದೆ ಒಂದು ಮಿಶಿನ್ ಪೆಟ್ಟಿಗೆ ಇಟ್ರೆ ಸಾಕು ಅಂತ ಮಾತು ಬಂದಾಗ ನಾನು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಅಂಥವನು ನಾನು, ಈ ರೂಲ್ ಒಳ್ಳೇದಾ ಅಂತ ಮಾತ್ರ ನೋಡ್ದೆ. ಯಾರ ಕೈ ಖಾಲಿ ಆಗ್ತದೆ ಅಂತ ನೋಡ್ಲಿಲ್ಲ."

ಚೀಟಿ ಕಿತ್ತುಬಿಡಿ ಎಂದೆ. ಒಪ್ಪಲಿಲ್ಲ. ಹಳೆಯ ನಿಯಮದಲ್ಲಿ ಉಳಿದವರು ಅರ್ಧ ಗಂಟೆ ಆಕಳಿಸುತ್ತಾ ಕೂರುತ್ತಿದ್ದದ್ದು ನಿಜ ತಾನೆ ಎಂದು ಕೇಳಿದರು. ನಿಜವೇ. ಹಾಗಾದರೆ ಹೊಸದನ್ನು ನೀನೇ ಬರೆ ಎಂದು ಪೆನ್ನು ಕೊಟ್ಟರು. ನನ್ನ ಊಟದ ಡಬ್ಬಿಯ ಮುಚ್ಚಳದ ಮೇಲೆ ಚೀಟಿ ಇಟ್ಟುಕೊಂಡು, ಮಾವನ ಹಾಗೆಯೇ ತಮಿಳು ಅಕ್ಷರದಲ್ಲಿ ಬರೆದೆ: ನಿದ್ದೆಯಿಂದ ಅರ್ಧ ವಾಸಿ. ಉಳಿದರ್ಧಕ್ಕೆ ಯಾರಾದರೂ ಪಕ್ಕದಲ್ಲಿ ಕೂರಬೇಕು. ಏನು ಮಾಡುತ್ತೇನೆಂದು ಬಾಯಿ ಬಿಟ್ಟು ಹೇಳಬೇಕು. ಲೆಕ್ಕ ಬೇಡ, ದಾಳವೂ ಬೇಡ. ಮಾವ ಓದಿ, "ಶರಿ. ಎರಡು ಭಾನುವಾರ ಆಡಿ ನೋಡೋಣ, ಅಪ್ಪುರಂ ಗೋಂದು" ಎಂದರು. ಈ ಸಲ ನಿಜವಾಗಿಯೂ ಎರಡು ಭಾನುವಾರ ಕಾದು, ಆಮೇಲೆಯೇ ಅಂಟಿಸಿದರು.

ಈಗ ಕಂಪನಿಯಲ್ಲಿ ನನ್ನ ಕೈಕೆಳಗೆ ಜನರಿದ್ದಾರೆ. ಹೊಸ ಪದ್ಧತಿಯ ಕಾಗದ ಬಂದಾಗಲೆಲ್ಲ ಯಾರ ಕೈ ಖಾಲಿಯಾಗುತ್ತದೆ ಎಂದು ಕೇಳಿಬಿಡುತ್ತೇನೆ. ಮ್ಯಾನೇಜರಿಗೆ ನಾನು ತಲೆನೋವು.

ಮಾವ ಹೋದ ವರ್ಷ ಆಸ್ಪತ್ರೆ ಸೇರಿದರು. ಮಧ್ಯಾಹ್ನಗಳಲ್ಲಿ ಗೆಳತಿ ಊಟಕ್ಕೆ ಹೋದಾಗ ನಾನು ಕೂರುತ್ತಿದ್ದೆ. ಒಂದು ದಿನ ಕಣ್ಣು ಬಿಟ್ಟು, "ಸುಮ್ನೆ ಕೂತ್ರೆ ಆಗಲ್ಲ. ರೂಲ್ ಪ್ರಕಾರ ಬಾಯಿ ಬಿಟ್ಟು ಹೇಳ್ಬೇಕು" ಎಂದರು.

"ಕಾಲು ಒತ್ತುತೀನಿ ಮಾವ" ಎಂದೆ. ಒತ್ತಿದೆ. ಆಟದಲ್ಲಿ ಆಗುವಂತೆ ಇಲ್ಲಿ ಆಗಲಿಲ್ಲ. ಆ ವಾರವೇ ಹೋದರು.

ಪುಸ್ತಕವನ್ನು ಗೆಳತಿ ನನಗೇ ಕೊಟ್ಟಳು. ಆ ಪುಟ ತೆಗೆದೆ. ನಾನು ಬರೆದ ಚೀಟಿ ಎತ್ತಿದರೆ ಅವರು ಬರೆದದ್ದು, ಅದನ್ನೂ ಎತ್ತಿದರೆ ಅಚ್ಚಾದ ಹಳೆಯ ನಿಯಮ. ಅದರ ಬದಿಯಲ್ಲಿ, ಎರಡೂ ಚೀಟಿ ಎತ್ತಿದವರಿಗೆ ಮಾತ್ರ ಕಾಣುವ ಜಾಗದಲ್ಲಿ, ಮುತ್ತಿನಂಥ ತಮಿಳು ಅಕ್ಷರದಲ್ಲಿ ನಮ್ಮ ಕನ್ನಡ:

"ನಾಲ್ಕು ಭಾನುವಾರ ಲೇಟ್. ಕಾರಣ: ಗಾರ್ಡ್."